ಖಾಲಿ ತೋಟೆಯ ತಳದಲ್ಲಿ ಎಷ್ಟು ತೂತು?

ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಕೋವಿ ಇದ್ದಲ್ಲಿ ಖಾಲಿ ತೋಟೆಯೂ ಇರುತ್ತದೆ. ಈಡು ಹೊಡೆದ ಮೇಲೆ ಕೈಯಲ್ಲಿ ಉಳಿಯುವ ಆ ಹಿತ್ತಾಳೆ ತುಂಡನ್ನು ನೋಡಿದಾಗ ‘ಇದನ್ನು ಮತ್ತೆ ತುಂಬಿಸಲಾಗದೇ?’ ಎಂಬ ಯೋಚನೆ ಬಾರದ ಕೃಷಿಕ ಕಡಿಮೆ. ಗೋಣಿ, ಡಬ್ಬ, ಹಳೇ ಟಯರು ಯಾವುದನ್ನೂ ಬಿಸಾಡದ ಜಾತಿ ನಮ್ಮದು. ಅಮೆರಿಕದ ಕೃಷಿಕರೊಬ್ಬರು ಈ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಅಲ್ಲಿ ಕಂಡದ್ದು, ಕಲಿತದ್ದು, ಅದು ನಮ್ಮಲ್ಲಿ ಯಾಕೆ ಸಲ್ಲದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಇದು ‘ಮಾಡಿ ನೋಡಿ’ ಲೇಖನ ಅಲ್ಲ. ಅಳತೆ, ಪ್ರಮಾಣ ಯಾವುದನ್ನೂ ಬರೆದಿಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಕಾರಣ ಕೊನೆಯಲ್ಲಿದೆ.

ತೋಟೆಯೊಳಗೆ ಏನಿದೆ?

ರೈಫಲ್ ತೋಟೆಯಲ್ಲಿ ನಾಲ್ಕೇ ಭಾಗ. ಹಿತ್ತಾಳೆಯ ಕೊಳವೆ, ಅದರೊಳಗೆ ಮದ್ದು, ಬಾಯಲ್ಲಿ ಗುಂಡು, ತಳದಲ್ಲಿ ಕೇಪು. ಕುದುರೆ ಎಳೆದಾಗ ಮೊಳೆಯಂಥ ಸೂಜಿ ಕೇಪಿಗೆ ಬಡಿಯುತ್ತದೆ. ಕೇಪಿನೊಳಗಿನ ಸೂಕ್ಷ್ಮ ಮದ್ದು ಎರಡು ಲೋಹಗಳ ನಡುವೆ ಜಜ್ಜಿ ಕಿಡಿಯಾಗುತ್ತದೆ. ಕಿಡಿ ತಳದ ತೂತಿನಿಂದ ಒಳನುಗ್ಗಿ ದೊಡ್ಡ ಮದ್ದಿಗೆ ಹತ್ತುತ್ತದೆ.

ಆ ಕ್ಷಣದಲ್ಲಿ ಕೊಳವೆಯೊಳಗಿನ ಒತ್ತಡ ಎಷ್ಟು ಗೊತ್ತೇ? ಕಾರಿನ ಟಯರಿನಲ್ಲಿ ಚದರ ಇಂಚಿಗೆ 30 ಪೌಂಡಿನ ಆಸುಪಾಸು ಗಾಳಿ ಇರುತ್ತದೆ. ಈಗಿನ ರೈಫಲ್‌ಗಳಲ್ಲಿ 50 ಸಾವಿರ ಪೌಂಡ್ ಸಾಮಾನ್ಯ. ಹಿತ್ತಾಳೆ ಆಗ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಂಡು ಬಿರಡೆ ಹಾಕಿದ ಹಾಗೆ ಹೊಗೆಯನ್ನು ಹಿಂದಕ್ಕೆ ಬಿಡದೆ ತಡೆಯುತ್ತದೆ. ಗುಂಡು ಹೊರಟ ಮೇಲೆ ತುಸು ಕುಗ್ಗಿ ಸಡಿಲವಾಗುತ್ತದೆ. ಹೀಗೆ ಉಬ್ಬಿ ಕುಗ್ಗುವ ಗುಣ ಇರುವುದರಿಂದಲೇ ನೂರೈವತ್ತು ವರ್ಷದಿಂದ ತೋಟೆಗೆ ಹಿತ್ತಾಳೆಯೇ ಬೇಕು. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು.

ಅಂದರೆ ಖಾಲಿ ತೋಟೆ ಬರೀ ಹೊದಿಕೆಯಲ್ಲ. ಹೊಡೆಯುವವನ ಮುಖಕ್ಕೂ ಆ ಒತ್ತಡಕ್ಕೂ ನಡುವೆ ಇರುವ ಬಾಗಿಲು ಅದು. ಮುಂದಿನ ಎಲ್ಲ ಮಾತಿಗೂ ಇದೇ ಆಧಾರ.

ಒಂದು ತೂತು, ಎರಡು ತೂತು

1857ರ ದಂಗೆಯ ಕಾಲದ ತೋಟೆ ಕಾಗದದ್ದು. ಅದನ್ನು ಹಲ್ಲಿನಲ್ಲಿ ಕಚ್ಚಿ ಹರಿಯಬೇಕಿತ್ತು. ಅದಕ್ಕೆ ಸವರಿದ ಕೊಬ್ಬಿನ ಸುದ್ದಿಯೇ ಕಿಚ್ಚಿಗೆ ಕಾರಣವಾದದ್ದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಲ್ಲಿಂದ ಹತ್ತೇ ವರ್ಷದೊಳಗೆ ಲೋಹದ ತೋಟೆ, ತಳದಲ್ಲೇ ಕೇಪು ಬಂತು. 1866ರಲ್ಲಿ ಇಬ್ಬರು ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ರೀತಿಯ ಕೇಪಿಗೆ ಪೇಟೆಂಟ್ ಪಡೆದರು. ಒಬ್ಬ ಅಮೆರಿಕದ ಹೈರಮ್ ಬರ್ಡನ್. ಅಲ್ಲಿನ ಅಂತರ್ಯುದ್ಧದಲ್ಲಿ ಗುರಿಕಾರರ ಪಡೆ ನಡೆಸಿದವ. ಇನ್ನೊಬ್ಬ ಇಂಗ್ಲೆಂಡಿನ ವುಲಿಚ್‌ನ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥ ಎಡ್ವರ್ಡ್ ಬಾಕ್ಸರ್.

ಕೇಪಿನ ಮದ್ದು ಜಜ್ಜಿ ಹೋಗಲು ಸೂಜಿಯ ಎದುರಿಗೆ ಒಂದು ಅಡಿಗಲ್ಲು ಬೇಕಲ್ಲ? ಕಮ್ಮಾರನ ಅಡಿಗಲ್ಲಿನ ಹಾಗೆ. ಬರ್ಡನ್ ಅದನ್ನು ತೋಟೆಯ ತಳದಲ್ಲೇ ಸಣ್ಣ ಮೊಟ್ಟಾಗಿ ಎಬ್ಬಿಸಿದ. ಮೊಟ್ಟು ನಟ್ಟನಡುವೆ ಕುಳಿತದ್ದರಿಂದ ಕಿಡಿ ಹೋಗುವ ತೂತು ಅಕ್ಕಪಕ್ಕಕ್ಕೆ ಸರಿಯಿತು. ಸಾಮಾನ್ಯವಾಗಿ ಎರಡು. ಬಾಕ್ಸರ್ ಅಡಿಗಲ್ಲನ್ನು ಕೇಪಿನೊಳಗೇ ಸೇರಿಸಿದ. ಹಾಗಾಗಿ ತೋಟೆಯ ತಳ ಸಪಾಟು, ನಡುವೆ ಒಂದೇ ತೂತು.

ಖಾಲಿ ತೋಟೆಯ ಬಾಯಿಯಿಂದ ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಯಾವ ಜಾತಿ ಎಂದು ತಿಳಿಯುತ್ತದೆ. ನಡುವೆ ಒಂದು ತೂತಾದರೆ ಬಾಕ್ಸರ್. ಎರಡಾದರೆ ಬರ್ಡನ್.

ವಿಚಿತ್ರ ಏನೆಂದರೆ, ಅಮೆರಿಕದವನ ಪದ್ಧತಿ ಯೂರೋಪಿನ ಸೇನೆಗಳಲ್ಲಿ ನೆಲೆಯಾಯಿತು. ಇಂಗ್ಲೆಂಡಿನವನ ಪದ್ಧತಿ ಅಮೆರಿಕದಲ್ಲಿ ಮನೆಮನೆಗೆ ಬಂತು. ಕಾರಣ ಸರಳ. ಬರ್ಡನ್ ಕೇಪಿಗೆ ಒಂದು ತುಂಡು ಕಡಿಮೆ. ಕೋಟಿಗಟ್ಟಲೆ ತಯಾರಿಸುವ ಸರಕಾರಗಳಿಗೆ ಅದು ಅಗ್ಗ. ಸೇನೆಗೆ ಖಾಲಿ ತೋಟೆ ಮತ್ತೆ ಬಳಸುವ ಹಂಗಿಲ್ಲ. ಬಾಕ್ಸರ್ ತೋಟೆಯಲ್ಲಾದರೋ ಒಂದು ಕಡ್ಡಿಯನ್ನು ಬಾಯಿಯಿಂದ ನೇರ ಇಳಿಸಿದರೆ ನಡು ತೂತಿನಿಂದ ಹಾದು ಹಳೇ ಕೇಪನ್ನು ಹೊರಕ್ಕೆ ತಳ್ಳುತ್ತದೆ. ಹೊಸ ಕೇಪು ಕೂರಿಸಿದರೆ ಆಯಿತು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಾಕ್ಸರ್ ತೋಟೆ ಮನೆಬೀಜದ ಹಾಗೆ, ಮುಂದಿನ ವರ್ಷಕ್ಕೂ ಬರುತ್ತದೆ. ಬರ್ಡನ್ ತೋಟೆ ಹೈಬ್ರಿಡ್ ಬೀಜದ ಹಾಗೆ, ಒಂದೇ ಬೆಳೆ.

ಪೆನ್ಸಿಲ್ವೇನಿಯದ ಕೊಟ್ಟಿಗೆಯಲ್ಲಿ

ನನ್ನ ಮಗ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. 2022ರಲ್ಲಿ ಅಡಿಕೆ ಕೊಯಿಲಿಗೆ ಮೊದಲು ನಾವಿಬ್ಬರೂ ಹೋಗಿ ಎರಡು ತಿಂಗಳು ಅಲ್ಲಿದ್ದೆವು. ಅವನ ಮನೆಯಿಂದ ಮೂರು ಮೈಲಿ ಆಚೆ ಒಬ್ಬರು ಕೃಷಿಕರು. ವಯಸ್ಸು ಎಪ್ಪತ್ತೈದು ದಾಟಿದೆ. ಜೋಳ, ಹುಲ್ಲು, ಹತ್ತಾರು ದನ. ಜಿಂಕೆಗಳ ಕಾಟ ನಮ್ಮಲ್ಲಿ ಹಂದಿ ಕಾಟ ಇದ್ದ ಹಾಗೆಯೇ. ಅಲ್ಲಿ ನವೆಂಬರ್ ಕೊನೆಗೆ ರೈಫಲ್‌ನಿಂದ ಜಿಂಕೆ ಬೇಟೆಗೆ ಸರಕಾರವೇ ಅವಧಿ ಗೊತ್ತು ಮಾಡಿ ಪರವಾನಗಿ ಕೊಡುತ್ತದೆ. ನಮ್ಮಲ್ಲಿ ವನ್ಯಜೀವಿ ಕಾಯಿದೆಯ ಪ್ರಕಾರ ಈಗ ಆ ಪ್ರಶ್ನೆಯೇ ಇಲ್ಲ.

ನಾನೂ ಕೃಷಿಕ ಅಂತ ಮಗ ಹೇಳಿದ್ದೇ ತಡ, ಅವರು ನನ್ನನ್ನು ಕೊಟ್ಟಿಗೆಯ ಮೂಲೆಯ ಕೆಲಸದ ಮೇಜಿಗೆ ಕರೆದೊಯ್ದರು. ಮಗ ದುಭಾಷಿ. ವೀಸಾದಲ್ಲಿ ಬಂದವರಿಗೆ ಕೋವಿ ಮುಟ್ಟಲು ಅಲ್ಲಿ ಬೇರೆಯೇ ಕಾನೂನಿದೆ. ಹಾಗಾಗಿ ನಾನು ಕೈಕಟ್ಟಿ ನೋಡಿದ್ದು ಮಾತ್ರ.

ಅವರಲ್ಲಿದ್ದದ್ದು ಆಸ್ಟ್ರಿಯದ ಮ್ಯಾನ್ಲಿಕರ್ ರೈಫಲ್, 1895ರ ಮಾದರಿ. ಆಸ್ಟ್ರಿಯ-ಹಂಗೇರಿ ಸೇನೆಯದು. ಮೊದಲು ಅದಕ್ಕೆ 50 ಮಿಲಿಮೀಟರ್ ಉದ್ದದ ಕೊಳವೆಯ 8 ಮಿಲಿಮೀಟರ್ ತೋಟೆ ಇತ್ತು. 1930ರ ದಶಕದಲ್ಲಿ ಅದೇ ಕೋವಿಗಳನ್ನು 56 ಮಿಲಿಮೀಟರಿನ ತೋಟೆಗೆ ಹೊಂದುವ ಹಾಗೆ ಬದಲಾಯಿಸಿದರು. ಸೇನೆಗೆ ಬೇಡವಾದ ಇಂಥ ಕೋವಿಗಳು ಅಮೆರಿಕದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕವು. ಜೊತೆಗೆ ಹಳೇ ದಾಸ್ತಾನಿನ ತೋಟೆಯೂ ಬಂತು. ಆಸ್ಟ್ರಿಯವನ್ನು ಹಿಟ್ಲರನ ಜರ್ಮನಿ ನುಂಗಿದ 1938ರ ಇಸವಿ, ಹದ್ದಿನ ಮುದ್ರೆ ಅದರ ತಳದಲ್ಲಿದೆ. ಅಷ್ಟೂ ಬರ್ಡನ್ ತೋಟೆಗಳು.

ಹಿರಿಯರು 1990ರ ದಶಕದಲ್ಲಿ ಕೊಂಡದ್ದು. ಹೊಡೆದು ಖಾಲಿಯಾದ ತೋಟೆಗಳನ್ನು ಕಾಫಿ ಡಬ್ಬದಲ್ಲಿ ಇಟ್ಟಿದ್ದರು. ‘ಬಿಸಾಡಲು ಮನಸ್ಸು ಬರಲಿಲ್ಲ’ ಎಂದರು. ನನಗೆ ನಗು ಬಂತು. ಕೃಷಿಕ ಎಲ್ಲಿದ್ದರೂ ಕೃಷಿಕನೇ.

2020ರಲ್ಲಿ ಕೊರೊನಾ ಬಂದ ಮೇಲೆ ಅಮೆರಿಕದಲ್ಲಿ ಎರಡು ವರ್ಷ ತೋಟೆಗೂ ಕೇಪಿಗೂ ಭಾರೀ ಅಭಾವ ಬಂತು. ಅಪರೂಪದ ಅಳತೆಯ ಹೊಸ ತೋಟೆ ಅಂಗಡಿಯಲ್ಲಿ ಇಲ್ಲ. ಬರ್ಡನ್ ಕೇಪು ಆ ದೇಶದಲ್ಲಿ ಮೊದಲೂ ಅಪರೂಪವೇ. ಅವರಲ್ಲಿ ಇದ್ದದ್ದು ಬಾಕ್ಸರ್ ಕೇಪಿನ ಒಂದಷ್ಟು ಪೆಟ್ಟಿಗೆ. ಆಗ ಹಳೇ ಡಬ್ಬ ನೆನಪಾಯಿತು. ಬರ್ಡನ್ ತೋಟೆಯನ್ನು ಬಾಕ್ಸರ್ ಕೇಪಿಗೆ ಒಗ್ಗಿಸುವ ಕೆಲಸಕ್ಕೆ ಕೈ ಹಾಕಿದ್ದು ಹೀಗೆ.

ಒಗ್ಗಿಸುವ ಕೆಲಸ

ಮೊದಲ ತೊಡಕು ಹಳೇ ಕೇಪು ತೆಗೆಯುವುದು. ಕಡ್ಡಿ ಇಳಿಸಿದರೆ ಅದು ನಡುವಿನ ಮೊಟ್ಟಿಗೆ ತಾಗಿ ಕಡ್ಡಿಯೇ ಮುರಿಯುತ್ತದೆ. ಅದಕ್ಕೆ ಅವರು ನೀರು ಬಳಸುತ್ತಿದ್ದರು. ಕೊಳವೆಗೆ ನೀರು ತುಂಬಿ, ಬಾಯಿಗೆ ಬಿಗಿಯಾಗಿ ಕೂರುವ ಸರಳು ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು. ನೀರಿನ ಒತ್ತಡಕ್ಕೆ ಕೇಪು ಚಿಮ್ಮಿ ಹೊರಗೆ. ಮೈಯೆಲ್ಲ ಕಪ್ಪು ನೀರು. ‘ಬೇಸಗೆಯಲ್ಲಿ ಮಾತ್ರ ಮಾಡುವ ಕೆಲಸ’ ಎಂದು ನಕ್ಕರು.

ಎರಡನೆಯದು, ಮೊಟ್ಟನ್ನು ಸಣ್ಣ ಲೇತಿನಲ್ಲಿ ಹೆರೆದು ತೆಗೆದು ತಳ ಸಪಾಟು ಮಾಡುವುದು. ಮೂರನೆಯದು ನಡುವೆ ಹೊಸ ತೂತು. ನಾಲ್ಕನೆಯದು, ಕೇಪು ಕೂರುವ ಗುಳಿ ಹೊಸ ಕೇಪಿಗೆ ಬಿಗಿಯಾಗಿ ಹೊಂದುತ್ತದೋ ಎಂದು ನೋಡುವುದು.

ಕೇಳಲು ಸುಲಭ. ತೊಂದರೆ ಇರುವುದು ಈ ಕೊನೆಯ ಮೂರರಲ್ಲೇ. ಅವರು ಒಂದೊಂದಾಗಿ ವಿವರಿಸಿದರು.

ಬರ್ಡನ್ ಕೇಪುಗಳಲ್ಲಿ ಹಲವು ಗಾತ್ರ. ಎಷ್ಟೋ ತೋಟೆಗಳಲ್ಲಿ ಹಳೇ ಗುಳಿ ಬಾಕ್ಸರ್ ಕೇಪಿಗಿಂತ ಅಗಲ. ಆಗ ಹೊಸ ಕೇಪು ಸಡಿಲ ಕೂರುತ್ತದೆ. ಸಡಿಲ ಕೇಪಿನ ಸುತ್ತಿನಿಂದ ಬೆಂಕಿಯ ಹೊಗೆ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಕಣ್ಣು.

ಮೊಟ್ಟು ಹೆರೆಯುವಾಗ ತಳದ ಹಿತ್ತಾಳೆಯೂ ಸ್ವಲ್ಪ ಹೋಗುತ್ತದೆ. ಅತಿ ಹೆಚ್ಚು ಒತ್ತಡ ತಡೆಯಬೇಕಾದ ಜಾಗವೇ ತೆಳುವಾದ ಹಾಗಾಯಿತು.

ಹೊಸ ತೂತು ಕೊರೆದರೂ ಹಳೇ ಎರಡು ತೂತು ಹಾಗೇ ಇರುತ್ತವೆ. ಒಂದರ ಜಾಗದಲ್ಲಿ ಮೂರು ದಾರಿ. ಕಿಡಿ ಹೆಚ್ಚು ಒಳಹೋಗುತ್ತದೆ, ಒತ್ತಡವೂ ಕೇಪಿನ ಬೆನ್ನಿಗೆ ಹೆಚ್ಚು ವಾಪಸು ಬರುತ್ತದೆ. ಒಂದು ತೋಟೆ ಇನ್ನೊಂದರ ಹಾಗೆ ವರ್ತಿಸುವುದಿಲ್ಲ.

ಇದರ ಮೇಲೆ ಎಂಬತ್ತು ದಾಟಿದ ಹಿತ್ತಾಳೆ. ಹೊಡೆಯುವಾಗಲೂ ಮತ್ತೆ ಅಚ್ಚಿಗೆ ಒತ್ತುವಾಗಲೂ ಹಿತ್ತಾಳೆ ಗಡುಸಾಗುತ್ತದೆ, ಕತ್ತು ಸೀಳುತ್ತದೆ. ಅದಕ್ಕೆ ಕತ್ತನ್ನು ಮಾತ್ರ ಕಾಯಿಸಿ ಮೆದು ಮಾಡುತ್ತಾರೆ. ತಳಕ್ಕೆ ಕಾವು ತಾಗಲೇಬಾರದು. ತಳ ಮೆದುವಾದರೆ ತೋಟೆ ಕೋವಿಯಲ್ಲೇ ಒಡೆಯಬಹುದು.

ನಾನು ನೋಡುತ್ತಿದ್ದ ದಿನ ಅವರು ಇಪ್ಪತ್ತು ತೋಟೆ ತೆಗೆದುಕೊಂಡರು. ಕತ್ತು ಸೀಳಿದ್ದೆಂದು ಮೂರು, ಗುಳಿ ಸಡಿಲವೆಂದು ಎರಡು, ಕೊರೆದ ತೂತು ನಡುವಿನಿಂದ ಸರಿಯಿತೆಂದು ಎರಡು ಬದಿಗೆ ಸರಿದವು. ಉಳಿದದ್ದು ಹದಿಮೂರು. ಅದಕ್ಕೆ ಅರ್ಧ ದಿನ. ಬದಿಗಿಟ್ಟವನ್ನು ಇಕ್ಕಳದಲ್ಲಿ ಜಜ್ಜಿ ಗುಜರಿ ಬುಟ್ಟಿಗೆ ಹಾಕಿದರು. ‘ಜಜ್ಜದೆ ಇಟ್ಟರೆ ನಾಳೆ ನನಗೇ ಆಸೆ ಬರುತ್ತದೆ’ ಎಂದರು. ಈ ಮಾತು ನನಗೆ ಬಹಳ ಹಿಡಿಸಿತು.

ಹಿಂದೆ ಅವರು ಹೊಡೆದ ಒಂದು ತೋಟೆ ತೋರಿಸಿದರು. ಕೇಪಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಉಂಗುರ. ಹೊಗೆ ಸೋರಿದ ಗುರುತು ಅದು. ಕನ್ನಡಕ ಇಲ್ಲದೆ ಅವರು ಎಂದೂ ಕೋವಿ ಎತ್ತುವುದಿಲ್ಲ.

ಕೂಲಿ ಲೆಕ್ಕ ಹಾಕಿದರೆ

ನಾನು ಕೇಳಿದೆ: ‘ಇದು ಗಿಟ್ಟುತ್ತದೆಯೇ?’ 

ಅವರು ತಲೆಯಾಡಿಸಿದರು. ಅರ್ಧ ದಿನದ ಕೂಲಿಗೆ ಅಲ್ಲಿ ಎಷ್ಟೋ ಹೊಸ ತೋಟೆ ಬರುತ್ತದೆ, ಅಂಗಡಿಯಲ್ಲಿ ಇದ್ದರೆ. ಒಗ್ಗಿಸಿದ್ದು ಎಷ್ಟು ಸಲ ಬಾಳುತ್ತದೆಂದು ಭರವಸೆಯೂ ಇಲ್ಲ. ಒಂದು ಸಲ ಹೊಡೆದ ಮೇಲೆ ಗುಳಿ ಇನ್ನಷ್ಟು ಸಡಿಲವಾದರೆ ಮುಗಿಯಿತು.

ಇದಕ್ಕಿಂತ ಒಳ್ಳೆಯ ದಾರಿಗಳು ಅಲ್ಲಿವೆ. ಕೆಲವು ಕಂಪೆನಿಗಳು ಇದೇ ಅಳತೆಯ ತೋಟೆಯನ್ನು ಬಾಕ್ಸರ್ ಕೇಪಿನೊಂದಿಗೆ ಹೊಸದಾಗಿ ತಯಾರಿಸುತ್ತವೆ. ರಷ್ಯನ್ ರೈಫಲಿನ 54 ಮಿಲಿಮೀಟರ್ ತೋಟೆಯ ಬಾಕ್ಸರ್ ಕೊಳವೆಯನ್ನು ಅಚ್ಚಿನಲ್ಲಿ ಒತ್ತಿ ಈ ಆಕಾರಕ್ಕೆ ತರುವವರೂ ಇದ್ದಾರೆ. ಅಲ್ಲಿ ಕತ್ತು, ಹೊಟ್ಟೆ ಮಾತ್ರ ಬದಲಾಗುತ್ತದೆ; ತಳ ಕಾರ್ಖಾನೆಯಲ್ಲಿ ಹುಟ್ಟಿದಂತೆಯೇ ಇರುತ್ತದೆ. ಇದು ಎಷ್ಟೋ ವಾಸಿ. ‘ತಳ ಮುಟ್ಟಬೇಡಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ’ ಎಂದರು. ಅಭಾವ ಸ್ವಲ್ಪ ತಗ್ಗಿತ್ತು. ಡಬ್ಬದಲ್ಲಿ ಉಳಿದದ್ದನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದರು.

ಅಮೆರಿಕದ ಕಾನೂನೂ ತಿಳಿದಿರಲಿ. ಸ್ವಂತ ಬಳಕೆಗೆ ಮನೆಯಲ್ಲಿ ತೋಟೆ ತುಂಬಿಸಿಕೊಳ್ಳಲು ಅಲ್ಲಿನ ಕೇಂದ್ರ ಸರಕಾರದ ಲೈಸೆನ್ಸ್ ಬೇಕಿಲ್ಲ. ತುಂಬಿಸಿ ಮಾರುವವರಿಗೆ ಬೇಕು. ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಇದಕ್ಕೆಂದೇ ಮೇಜು, ಅಚ್ಚು, ತಕ್ಕಡಿ ಇರುತ್ತದೆ. ಅಳತೆಗೆ ಪುಸ್ತಕಗಳು ಇವೆ. ಅಷ್ಟು ಅನುಕೂಲ ಇರುವ ಊರಿನ ಪಳಗಿದ ಕೈಯೇ ‘ತಳ ಮುಟ್ಟಬೇಡಿ’ ಎನ್ನುತ್ತಿದೆ.

ನಮಗೂ ಅದಕ್ಕೂ ನಂಟು

ಮ್ಯಾನ್ಲಿಕರ್ ಹೆಸರು ನಮಗೆ ದೂರದ್ದಲ್ಲ. ನಮ್ಮಲ್ಲಿ ಲೈಸೆನ್ಸ್‌ಗೆ ಸಿಗುವ .315 ರೈಫಲ್ ಕೆಲವರಲ್ಲಿ ಇದೆ. ಬ್ರಿಟಿಷರ ಕಾಲದಲ್ಲಿ ಸೇನೆಯ .303 ಅಳತೆ ನಾಗರಿಕರಿಗೆ ನಿಷಿದ್ಧವಾಗಿತ್ತು. ಸೇನೆಯ ತೋಟೆ ಕಳವಾಗಿ ಊರಿನ ಕೋವಿಗೆ ಸೇರಬಾರದು ಎಂಬ ಲೆಕ್ಕಾಚಾರ. ಅದಕ್ಕಾಗಿ ಬೇರೆ ಅಳತೆ ಬೇಕಾದಾಗ ಹಿಡಿದದ್ದು ಮ್ಯಾನ್ಲಿಕರಿನ ಆ ಹಳೇ 50 ಮಿಲಿಮೀಟರ್ ತೋಟೆ. ಅದೇ ನಮ್ಮ .315. ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆ ಈ ರೈಫಲ್ ತಯಾರಿಸಿಕೊಂಡು ಬಂದಿದೆ. ಅಂದರೆ ಪೆನ್ಸಿಲ್ವೇನಿಯದ ಆ ಕೋವಿಯೂ ನಮ್ಮದೂ ದಾಯಾದಿಗಳು!

ಕೇಪಿನ ಉಪ್ಪು, ನಮ್ಮ ಪೊಟ್ಯಾಶ್

ಇನ್ನೊಂದು ವಿಷಯ ಕೇಳಿ ಬೆರಗಾದೆ. ಹಳೇ ಸೇನಾ ತೋಟೆ ಹೊಡೆದ ಸಂಜೆಯೇ ಹಿರಿಯರು ನಳಿಗೆಗೆ ಬಿಸಿನೀರು ಹೊಯ್ದು ತೊಳೆಯುತ್ತಾರೆ. ಕೋವಿಗೆ ನೀರೇ ಎಂದು ನಾನು ಹುಬ್ಬೇರಿಸಿದೆ.

ಹಳೇ ಕೇಪಿನ ಮದ್ದಿನಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಪೊಟ್ಯಾಶಿಯಂ ಕ್ಲೋರೈಡ್ ಆಗಿ ನಳಿಗೆಗೆ ಅಂಟುತ್ತದೆ. ಏನದು? ನಾವು ಅಡಿಕೆ, ತೆಂಗಿಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಶ್! ಪೊಟ್ಯಾಶ್ ಹೊತ್ತ ಕಬ್ಬಿಣದ ಬಾಂಡ್ಲಿಯನ್ನು ತೊಳೆಯದೆ ಮೂಲೆಗಿಟ್ಟರೆ ಮಳೆಗಾಲದಲ್ಲಿ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕಿಲ್ಲ. ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗದು, ನೀರೇ ಬೇಕು. ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಎಣ್ಣೆ. ಈಗಿನ ಹೆಚ್ಚಿನ ಕೇಪುಗಳಲ್ಲಿ ಈ ಉಪ್ಪಿಲ್ಲ. ಆದರೆ ಪೊಟ್ಯಾಶ್ ಹಾಕಿದ ಕೈಸಾಮಾನಿಗೆ ಈ ಪಾಠ ಇಂದಿಗೂ ಸಲ್ಲುತ್ತದೆ: ಮೊದಲು ನೀರು, ಆಮೇಲೆ ಎಣ್ಣೆ.

ಕುದುರೆ ಲಾಯದ ತೋಟೆಗಳು

ಹಿತ್ತಾಳೆ ಸೀಳುವ ಮಾತು ಬಂದಾಗ ಮಗ ಹಳೇ ಕಥೆಯೊಂದನ್ನು ಓದಿ ಹೇಳಿದ. ಅದು ನಮ್ಮ ದೇಶದ್ದೇ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಓಡಾಟ ಕಡಿಮೆ ಮಾಡಿ ತೋಟೆಗಳನ್ನು ಕುದುರೆ ಲಾಯದಲ್ಲಿ ದಾಸ್ತಾನು ಇಡುತ್ತಿತ್ತು. ಮಳೆ ಕಳೆದು ತೆಗೆದಾಗ ಎಷ್ಟೋ ಹಿತ್ತಾಳೆ ತೋಟೆಗಳು ತಾವಾಗಿ ಸೀಳಿರುತ್ತಿದ್ದವು. ಯಾರೂ ಮುಟ್ಟಿಲ್ಲ, ಹೊಡೆದಿಲ್ಲ. ಋತುವಿಗೆ ಸರಿಯಾಗಿ ಬರುವ ರೋಗ ಎಂದು ‘ಸೀಸನ್ ಕ್ರ್ಯಾಕಿಂಗ್’ ಎಂದು ಹೆಸರಿಟ್ಟರು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ವಿಜ್ಞಾನಿಗಳು ಕಾರಣ ಬಿಡಿಸಿದರು. ಕುದುರೆ ಉಚ್ಚೆಯಿಂದ ಏಳುವ ಅಮೋನಿಯ. ಅಚ್ಚಿಗೆ ಒತ್ತಿ ಎಳೆದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ತೇವ, ಅಮೋನಿಯ ಸೇರಿದರೆ ಆ ಬಿಗಿತದ ಜಾಗದಲ್ಲಿ ಬಿರುಕು. ಹದವಾಗಿ ಕಾಯಿಸಿ ಬಿಗಿತ ಕಳೆದರೆ ಬಿರುಕು ಇಲ್ಲ.

ಇದು ನಮಗೆ ನೇರ ಉಪಯೋಗದ ಮಾತು. ನಮ್ಮಲ್ಲಿ ಅಮೋನಿಯಕ್ಕೆ ಕೊರತೆಯೇ? ಕೊಟ್ಟಿಗೆ, ಗೊಬ್ಬರದ ಗುಂಡಿ, ಯೂರಿಯ ಚೀಲ. ಬೋರ್ಡೊ ಹೊಡೆಯುವ ಪಂಪಿನ ಹಿತ್ತಾಳೆ ಕೊಳವೆ, ನಾಝಲ್, ಬಿಗಿದ ನಟ್ಟುಗಳನ್ನು ನಾವು ಕೊಟ್ಟಿಗೆ ಅಟ್ಟದಲ್ಲೋ ಯೂರಿಯದ ಬದಿಯಲ್ಲೋ ಇಡುತ್ತೇವೆ. ಮುಂದಿನ ಮಳೆಗಾಲಕ್ಕೆ ತೆಗೆದಾಗ ನಟ್ಟು ಸೀಳಿರುತ್ತದೆ. ಅಂಗಡಿಯವನನ್ನು ಬೈಯುವ ಮುನ್ನ ಇಟ್ಟ ಜಾಗ ನೋಡಿ. ಔಷಧಿ ಹೊಡೆದು ಮುಗಿದ ಮೇಲೆ ತೊಳೆದು, ಒಣಗಿಸಿ, ನಟ್ಟು ಸಡಿಲ ಮಾಡಿ, ಗಾಳಿಯಾಡುವ ಒಣ ಕೋಣೆಯಲ್ಲಿ ಇಡಿ. ಲೈಸೆನ್ಸಿನ ತೋಟೆ ಇರುವವರೂ ಅಷ್ಟೇ. ಕೊಟ್ಟಿಗೆಯ ಗಾಳಿಗೆ ಸೋಕದ ಬೀಗದ ಪೆಟ್ಟಿಗೆ ಬೇಕು.

ನಮ್ಮಲ್ಲಿ ಯಾಕೆ ಸಲ್ಲದು

ಈಗ ಮೊದಲು ಬಾಕಿ ಇಟ್ಟ ಮಾತು. ಖಾಲಿ ತೋಟೆ ಕೊಟ್ಟರೆ ತುಂಬಿಸಿ ಕೊಡುತ್ತಾರಂತೆ ಎಂಬ ಸುದ್ದಿ ನಮ್ಮ ಕಡೆ ಆಗಾಗ ಕಿವಿಗೆ ಬೀಳುತ್ತದೆ. ಪರಿಚಯದವರು, ಒಳ್ಳೆಯವರು, ಹಂದಿ ಕಾಟದಲ್ಲಿ ಬೇಸತ್ತವರೇ ಕೇಳುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಗದ್ದೆ ಮಗುಚಿ ಹಾಕಿದ ಹಂದಿಯ ಕೆಲಸ ನೋಡಿದವನಿಗೆ ಅದು ಗೊತ್ತು. ಆದರೂ ಇದು ಆಗದ ದಾರಿ.

1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವಂತಿಲ್ಲ, ಮಾರುವಂತಿಲ್ಲ, ಮಾರ್ಪಡಿಸುವಂತಿಲ್ಲ. ನಮ್ಮ ಕೈಯಲ್ಲಿರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್, ತೋಟೆ ತಯಾರಿಸುವುದಲ್ಲ. 2019ರ ತಿದ್ದುಪಡಿಯ ನಂತರ ಈ ತಪ್ಪಿಗೆ ಕನಿಷ್ಠ 7 ವರ್ಷ ಸಜೆ, ಜೀವಾವಧಿಗೂ ಹೋಗಬಹುದು. ಕಾಯಿದೆಯ ಮಾತಿನಲ್ಲಿ ‘ಮದ್ದುಗುಂಡು’ ಎಂದರೆ ಅದರ ಬಿಡಿಭಾಗಗಳೂ ತಯಾರಿಸುವ ಯಂತ್ರವೂ ಸೇರಿ. ಜೊತೆಗೂಡಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಭಾಗಕ್ಕೆ 45ನೇ ಸೆಕ್ಷನ್ನಿನಲ್ಲಿ ರಿಯಾಯಿತಿ ಇದೆ. ಹಾಗಾಗಿ ಒಂದು ಖಾಲಿ ತೋಟೆ ಕಪಾಟಿನಲ್ಲಿ ಇರುವುದಕ್ಕೂ ಖಾಲಿ ತೋಟೆ, ಕೇಪು, ಮದ್ದು ಮೂರೂ ಒಟ್ಟಿಗೆ ಸಿಗುವುದಕ್ಕೂ ಅಜಗಜಾಂತರ.

ಕೊಡಗಿನ ಮಿತ್ರರಿಗೆ ಒಂದು ಮಾತು. ಕೊಡವರಿಗೂ ಜಮ್ಮ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆ. ಅದು ಕೋವಿ ಹೊಂದುವುದಕ್ಕೆ ಸಂಬಂಧಿಸಿದ ವಿನಾಯಿತಿ. ತೋಟೆ ತಯಾರಿಕೆಗೆ ಅದನ್ನು ಹಿಗ್ಗಿಸಿಕೊಳ್ಳುವಂತಿಲ್ಲ.

ಕೋವಿಯ ಕಾನೂನು ನಮ್ಮ ನಾಡಿಗೆ ಸುಮ್ಮನೆ ಬಂದದ್ದಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಎಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಎದ್ದುನಿಂತದ್ದು ಇತಿಹಾಸ. ಇಂದು ಬೆಳೆ ಕಾಯಲು ಕೋವಿ ಇಟ್ಟುಕೊಳ್ಳುವ ಹಕ್ಕು ಕಾಯಿದೆಯಲ್ಲೇ ಇದೆ. ಬೆಳೆ ರಕ್ಷಣೆಗೆಂದು ನಿಜವಾಗಿ ಕೇಳುವವರಿಗೆ ಕೇಪಿನ ಕೋವಿಯ ಲೈಸೆನ್ಸ್ ಕೊಡಬೇಕೆಂದು 13ನೇ ಸೆಕ್ಷನ್ ಹೇಳುತ್ತದೆ. ಕಳ್ಳ ತೋಟೆಯ ಒಂದು ಪ್ರಕರಣ ಆದರೆ ಊರಿನ ಎಲ್ಲ ಲೈಸೆನ್ಸ್ ಮೇಲೂ ಕಣ್ಣು ಬೀಳುತ್ತದೆ. ಒಬ್ಬನ ಉಳಿತಾಯಕ್ಕೆ ಹತ್ತು ಮನೆಯ ತೋಟ ಕಾವಲಿಲ್ಲದೆ ಹೋಗಬಾರದು.

ಕಾನೂನು ಬಿಟ್ಟರೂ ಸುರಕ್ಷೆಯ ಮಾತಿದೆ. ಅಲ್ಲಿ ಲೇತ್, ಅಚ್ಚು, ಅಳತೆ ಪುಸ್ತಕ, ಐವತ್ತು ವರ್ಷದ ಅನುಭವ ಇದ್ದ ಕೈಯಲ್ಲೇ ಇಪ್ಪತ್ತರಲ್ಲಿ ಏಳು ಬದಿಗೆ ಹೋಯಿತು. ಇಲ್ಲಿ ಯಾರೋ ಮೊಳೆ, ಬೈರಿಗೆ ಹಿಡಿದು ಅಂದಾಜಿನಲ್ಲಿ ತುಂಬಿಸಿದ್ದರಲ್ಲಿ ಬದಿಗೆ ಹೋಗಬೇಕಾದ ಏಳು ಯಾವುದು? ಅದು ತಿಳಿಯುವುದು ಕುದುರೆ ಎಳೆದ ಮೇಲೆ.

ಖಾಲಿ ತೋಟೆ ಏನು ಮಾಡುವುದು?

ನಾವು ಮನೆಯಲ್ಲಿ ಅನುಸರಿಸುವ ಕ್ರಮ ಹೇಳುತ್ತೇನೆ. ಒಳ್ಳೆಯದೆನಿಸಿದರೆ ನೋಡಿ.

ತಂದೆಯ ಕಾಲದ ಒಂಟಿ ನಳಿಗೆ ಕೋವಿ ನಮ್ಮದು. ತೋಟೆ ಕೊಂಡದ್ದು, ಹೊಡೆದದ್ದು, ಖಾಲಿ ಉಳಿದದ್ದು ಮೂರನ್ನೂ ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆಯುತ್ತೇವೆ. ಅಡಿಕೆ ಲೆಕ್ಕದ ಪುಸ್ತಕದ ಕೊನೆ ಪುಟವೇ ಸಾಕು. ಖಾಲಿ ತೋಟೆಯನ್ನು ಮಕ್ಕಳ ಆಟಕ್ಕೆ ಕೊಡುವುದಿಲ್ಲ. ಕೇಪಿನ ಮಸಿಯಲ್ಲಿ ಸೀಸದ ಅಂಶ ಇರಬಹುದು. ಬಾಯಿಗಿಟ್ಟು ಪೀಪಿ ಊದುವ ಮಕ್ಕಳನ್ನು ನಾನೇ ನೋಡಿದ್ದೇನೆ. ಯಾರು ಕೇಳಿದರೂ, ಎಷ್ಟೇ ಬೇಕಾದವರಾದರೂ, ಖಾಲಿ ತೋಟೆ ಹೊರಗೆ ಕೊಡುವುದಿಲ್ಲ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವಾಗ ಲೆಕ್ಕದ ಪುಸ್ತಕ ಜೊತೆಗಿರುತ್ತದೆ.

ಕೋವಿ ಹಿಡಿದು ತಿರುಗಿದ ಅಂಗಿ, ಚೀಲವನ್ನು ದೂರ ಪ್ರಯಾಣಕ್ಕೆ ಬಳಸುವ ಮುನ್ನ ಕಿಸೆ ಮಗುಚಿ ನೋಡಿ. ವಿಮಾನ ನಿಲ್ದಾಣದಲ್ಲಿ ಚೀಲದ ಮೂಲೆಯಲ್ಲಿ ಮರೆತ ಒಂದು ತೋಟೆ ಸಿಕ್ಕಿ ಪೊಲೀಸ್ ಕೇಸಾದ ಉದಾಹರಣೆಗಳು ಬೇಕಷ್ಟಿವೆ. ಪೆನ್ಸಿಲ್ವೇನಿಯದ ಹಿರಿಯರು ನೆನಪಿಗಿರಲಿ ಎಂದು ಹದ್ದಿನ ಮುದ್ರೆಯ ಖಾಲಿ ತೋಟೆಯೊಂದನ್ನು ನನ್ನ ಕೈಗಿಡಲು ಬಂದರು. ನಾನು ಕೈಮುಗಿದು ಬೇಡವೆಂದೆ. ಕಾರಣ ಮಗ ಹೇಳಿದ ಮೇಲೆ ಅವರಿಗೂ ಸರಿ ಕಂಡಿತು. ಬದಲಿಗೆ ಒಂದು ಹಿಡಿ ಜೋಳದ ತೆನೆ ಕೊಟ್ಟರು, ಅಲ್ಲೇ ಸುಟ್ಟು ತಿಂದೆವು.

ಹಳತನ್ನು ಬಿಸಾಡದೆ ಬಳಸುವುದು ನಮ್ಮ ಗುಣ, ಅದು ಇರಲಿ. ಮುರಿದ ಹಾರೆ, ತೂತಾದ ಕೊಡ, ಹರಿದ ಜಾಲರಿ ಎಲ್ಲಕ್ಕೂ ಎರಡನೇ ಜನ್ಮ ಕೊಡೋಣ. ಖಾಲಿ ತೋಟೆಯ ತಳದಲ್ಲಿ ಒಂದು ತೂತಿರಲಿ ಎರಡಿರಲಿ, ಅದರ ಲೆಕ್ಕ ಬರೆದು ಬೀಗ ಹಾಕಿ ಇಡುವುದೇ ನಮ್ಮ ಪಾಲಿನ ಕೆಲಸ.